ಸಿಂಗಲ್ ಕ್ರೌನ್ ಸಾಕಾ, ಡ್ಯುಯಲ್ ಕ್ರೌನ್ ಬೇಕಾ? ಮೌಂಟನ್ ಬೈಕ್ ಫೋರ್ಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸವಾರರ ಜತೆ ಮಾತಿಗೆ ಕೂತಾಗ, ಬರುವ ಪತ್ರಗಳಲ್ಲಿ, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್ ಜೋಡಿ) ಬಿಚ್ಚಿಟ್ಟುಕೊಂಡು ಕೂತಿರುವಾಗ ಪಕ್ಕದಲ್ಲಿ ನಿಂತವರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರ ಹೋಗಿ. ಆದರೆ ಈಗಿರುವ ಸೈಕಲ್‌ಗೆ ಡ್ಯುಯಲ್ ಕ್ರೌನ್ ಹಾಕಿಸುವ ಯೋಚನೆ ಇರುವವರು ಫ್ರೇಮ್ ಬಗೆಗಿನ ಉತ್ತರ ಓದದೆ ದುಡ್ಡು ಬಿಚ್ಚಬೇಡಿ.

## ಮೊದಲ ಪರಿಚಯ

ಸರ್, ಸಿಂಗಲ್ ಕ್ರೌನ್, ಡ್ಯುಯಲ್ ಕ್ರೌನ್ ಅಂದ್ರೆ ಏನು? ಎರಡರಲ್ಲೂ ಇರೋದು ಎರಡೇ ಕಾಲಲ್ವಾ?

ಕಾಲು ಎರಡೇ. ಆ ಕಾಲುಗಳನ್ನು ಮೇಲೆ ಎಷ್ಟು ಕಡೆ ಹಿಡಿದಿದ್ದಾರೆ ಅನ್ನುವುದರಲ್ಲಿದೆ ವ್ಯತ್ಯಾಸ. ಮನೆ ಮುಂದೆ ನಿಂತಿರುವ ಮೋಟಾರ್ ಬೈಕನ್ನೇ ನೋಡಿ. ಹ್ಯಾಂಡಲ್ ಅಡಿಯಲ್ಲಿ ಒಂದು ಪ್ಲೇಟ್, ಅದಕ್ಕಿಂತ ಒಂದು ಗೇಣು ಕೆಳಗೆ ಇನ್ನೊಂದು. ಮುಂದಿನ ಶಾಕ್ ಅಬ್ಸಾರ್ಬರ್ ಕೊಳವೆಗಳು ಕೆಳಗಿನ ಪ್ಲೇಟನ್ನು ಹಾದು ಮೇಲಿನ ಪ್ಲೇಟಿನವರೆಗೂ ಹೋಗುತ್ತವೆ. ಈ ಪ್ಲೇಟಿಗೇ ಕ್ರೌನ್ ಅನ್ನುವುದು, ಎರಡಿರುವುದರಿಂದ ಇದು ಡ್ಯುಯಲ್ ಕ್ರೌನ್. ಸಾಮಾನ್ಯ ಮೌಂಟನ್ ಬೈಕಿನಲ್ಲಿ ಮೇಲಿನ ಪ್ಲೇಟ್ ಇರುವುದಿಲ್ಲ. ಕೊಳವೆಗಳು ಫ್ರೇಮಿನ ಕೆಳಗೇ, ಒಂದೇ ಕ್ರೌನ್‌ನಲ್ಲಿ ಮುಗಿಯುತ್ತವೆ. ಅಲ್ಲಿಂದ ಮೇಲೆ ಹೆಡ್ ಟ್ಯೂಬ್ (ಫ್ರೇಮಿನ ಮುಂತುದಿಯ ಗಿಡ್ಡ ಕೊಳವೆ) ಒಳಗೆ ಹೋಗುವುದು ಸ್ಟೀರರ್ ಅನ್ನುವ ಒಂದೇ ಕೊಳವೆ. ಇದು ಸಿಂಗಲ್ ಕ್ರೌನ್.

ಮೋಟಾರ್ ಬೈಕ್‌ಗೆಲ್ಲಾ ಎರಡು ಪ್ಲೇಟ್ ಇದೆ ಅಂದ್ಮೇಲೆ ಸೈಕಲ್‌ಗೆ ಯಾಕೆ ಒಂದೇ?

ಮಾವಿನಕಾಯಿ ಕೀಳುವ ದೋಟಿಯನ್ನು ಅದರ ತುದಿಯಲ್ಲಿ ಒಂದೇ ಕೈಯಿಂದ ಹಿಡಿದು ಎತ್ತಿ ನೋಡಿ. ಮಣಿಕಟ್ಟು ಸೋಲುತ್ತದೆ. ಅದೇ ದೋಟಿಗೆ ಎರಡು ಕೈಗಳನ್ನು ಒಂದಡಿ ಅಂತರದಲ್ಲಿ ಕೊಟ್ಟರೆ ಸಲೀಸಾಗಿ ಏಳುತ್ತದೆ. ಡ್ಯುಯಲ್ ಕ್ರೌನ್ ಮಾಡುವುದು ಆ ಎರಡನೇ ಕೈಯ ಕೆಲಸ. ದೋಟಿ ಗಿಡ್ಡವಾಗಿದ್ದರೆ ಒಂದು ಕೈಯೇ ಸಾಕು ಅನ್ನುವುದೂ ಅಷ್ಟೇ ನಿಜ.

1989ರಲ್ಲಿ ಬಂದ ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಫೋರ್ಕ್ ಕುಗ್ಗುತ್ತಿದ್ದದ್ದು 2 ಇಂಚಿಗೂ ಕಡಿಮೆ. ಅದಕ್ಕೆ ಎರಡು ಕ್ರೌನ್ ಬೇಕಿರಲಿಲ್ಲ. ಟ್ರಾವೆಲ್, ಅಂದರೆ ಫೋರ್ಕ್ ಕುಗ್ಗುವ ಉದ್ದ, ಹೆಚ್ಚುತ್ತಾ ಹೋದಂತೆ ಡೌನ್‌ಹಿಲ್ ಸವಾರರಿಗೆ ಮೋಟಾರ್ ಬೈಕಿನ ದಾರಿ ಹಿಡಿಯಬೇಕಾಯಿತು. ಆಮೇಲೆ ಸಿಂಗಲ್ ಕ್ರೌನ್‌ಗಳೂ ದಪ್ಪಗಾದವು. ಹೀಗಾಗಿ 20 ವರ್ಷದ ಹಿಂದೆ ಡ್ಯುಯಲ್ ಕ್ರೌನ್ ಇಲ್ಲದೆ ಆಗದು ಅನ್ನುತ್ತಿದ್ದ ಎಷ್ಟೋ ದಾರಿಗಳಲ್ಲಿ ಇವತ್ತು ಸಿಂಗಲ್ ಕ್ರೌನ್ ನಿಶ್ಚಿಂತೆಯಿಂದ ಇಳಿಯುತ್ತದೆ.

ನಮ್ಮೂರ ಅಂಗಡೀಲಿ ಕಮ್ಮಿ ರೇಟಿನ ಸೈಕಲ್‌ಗೂ ಎರಡು ಪ್ಲೇಟಿನ ಶಾಕರ್ ಇದೆ. ಮಗ ಅದೇ ಬೇಕು ಅಂತಿದಾನೆ. ಕೊಡಿಸ್ಲಾ?

ಆ ಫೋರ್ಕ್‌ಗೋಸ್ಕರ ಕೊಡಿಸಬೇಡಿ. ಅಂಥ ಸೈಕಲ್‌ಗಳ ಮೇಲಿನ ಪ್ಲೇಟ್ ಬಹುಪಾಲು ನೋಟಕ್ಕೆ. ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ, ಡ್ಯಾಂಪರ್ ಇರುವುದಿಲ್ಲ. ಸ್ಪ್ರಿಂಗ್ ಕುಗ್ಗಿದ್ದು ಅಷ್ಟೇ ರಭಸದಲ್ಲಿ ವಾಪಸ್ ಚಿಮ್ಮದಂತೆ ಎಣ್ಣೆಯ ಮೂಲಕ ತಡೆಯುವ ಭಾಗವೇ ಡ್ಯಾಂಪರ್. ಅದು ಇಲ್ಲದ ಫೋರ್ಕ್ ಹಂಪ್ ಹಾರಿಸಿದಾಗ ಹ್ಯಾಂಡಲನ್ನು ಮೇಲಕ್ಕೆ ಒದೆಯುತ್ತದೆ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಕುಗ್ಗಿಸಿ, ತಟ್ಟನೆ ಬಿಡಿ. ಟಕ್ ಎಂದು ಸದ್ದು ಮಾಡಿ ಎದ್ದು ನಿಂತರೆ ಒಳಗೆ ಬರೀ ಸ್ಪ್ರಿಂಗ್ ಅಂತ ತಿಳಿಯಿರಿ. ಅದೇ ದುಡ್ಡಿಗೆ ಶಾಕರ್ ಇಲ್ಲದ, ಒಳ್ಳೆಯ ಬ್ರೇಕ್ ಇರುವ ಹಗುರ ಸೈಕಲ್ ಸಿಕ್ಕರೆ ಮಗ ಹೆಚ್ಚು ದೂರ ಹೋಗುತ್ತಾನೆ, ಹೆಚ್ಚು ದಿನ ಓಡಿಸುತ್ತಾನೆ. ಇನ್ನು ಮುಂದೆ ಹೇಳುವುದೆಲ್ಲ ಡ್ಯಾಂಪರ್ ಇರುವ ಫೋರ್ಕ್‌ಗಳ ಮಾತು.

## ನನಗೆ ಯಾವುದು?

ನಾನು ಭಾನುವಾರ ತುರಹಳ್ಳಿ, ಆವಲಹಳ್ಳಿ ಕಡೆ ಹೋಗೋನು. ವರ್ಷಕ್ಕೊಂದ್ಸಲ ಸಕಲೇಶಪುರ. ಯಾವುದು ತಗೊಳ್ಳಲಿ?

ಸಿಂಗಲ್ ಕ್ರೌನ್. ಇದರಲ್ಲಿ ನನಗೆ ಸಂದೇಹವೇ ಇಲ್ಲ.

ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ಗುಡ್ಡ ಹತ್ತುವುದು ಹೇಗೆ? ಪೆಡಲ್ ತುಳಿದುಕೊಂಡು ಹತ್ತುವವರಿಗೆ ಸಿಂಗಲ್ ಕ್ರೌನ್. ಕೆನಡಾದ ವಿಸ್ಲರ್‌ನಲ್ಲಿ ಸೈಕಲನ್ನು ಚೇರ್ ಲಿಫ್ಟಿಗೆ ನೇತುಹಾಕಿ ಮೇಲೆ ಹೋಗುತ್ತಾರೆ, ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಮ್‌ನಲ್ಲಿ ಗೊಂಡೋಲಾದಲ್ಲಿ ಏರಿಸುತ್ತಾರೆ. ದಿನವಿಡೀ ಇಳಿಯುವುದೊಂದೇ ಕೆಲಸವಾಗಿರುವ ಅಂಥ ಕಡೆ ಡ್ಯುಯಲ್ ಕ್ರೌನ್ ತನ್ನ ಬೆಲೆ ತೋರಿಸುತ್ತದೆ. ನಮ್ಮ ಕಡೆ ಲಿಫ್ಟ್ ಇಲ್ಲ. ಎಸ್ಟೇಟ್ ರಸ್ತೆಯಲ್ಲಿ ಜೀಪಿಗೆ ಸೈಕಲ್ ಕಟ್ಟಿಕೊಂಡು ಹೋಗುವ ಗೆಳೆಯರ ಗುಂಪಿದ್ದರೆ ಮಾತು ಬೇರೆ. ತುರಹಳ್ಳಿಯ ಬಂಡೆಗಳ ಮೇಲೆ 130ರಿಂದ 150 ಮಿ.ಮೀ. ಟ್ರಾವೆಲ್ ಇರುವ ಫೋರ್ಕನ್ನು ಪೂರ್ತಿ ಬಳಸಿಕೊಳ್ಳುವವರೇ ಅಪರೂಪ.

ತೂಕದಲ್ಲಿ ಎಷ್ಟು ವ್ಯತ್ಯಾಸ?

ಸುಮಾರು ಅರ್ಧ ಕೆಜಿ. ಫಾಕ್ಸ್ ಕಂಪನಿಯ 38 ಸಿಂಗಲ್ ಕ್ರೌನ್ 2.3 ಕೆಜಿ ಆಸುಪಾಸಿನಲ್ಲಿದ್ದರೆ ಫಾಕ್ಸ್ 40 ಡ್ಯುಯಲ್ ಕ್ರೌನ್ 2.8 ಕೆಜಿ ಆಸುಪಾಸು. ಅದರ ಜತೆಗೆ ದಪ್ಪ ಟೈರು, ಗಟ್ಟಿ ರಿಮ್ಮು, ದೊಡ್ಡ ಡಿಸ್ಕೂ ಬಂದೇ ಬರುತ್ತವೆ. ಹತ್ತುವಾಗ ಕಾಡುವುದು ಆ ಇಡೀ ಸಂಸಾರದ ತೂಕ.

ನನ್ನ ತೂಕ 98 ಕೆಜಿ. ಸಿಂಗಲ್ ಕ್ರೌನ್ ತಡ್ಕೊಳ್ಳುತ್ತಾ?

ತಡೆದುಕೊಳ್ಳುತ್ತದೆ, ಸರಿಯಾದದ್ದನ್ನು ಆರಿಸಿಕೊಂಡರೆ. ತೂಕ ಹೆಚ್ಚಿರುವವರು ಕ್ರೌನ್ ಎಷ್ಟು ಅಂತ ಎಣಿಸುವುದಕ್ಕಿಂತ ಮೊದಲು ಕೊಳವೆಯ ದಪ್ಪ ನೋಡಬೇಕು. ಹೊಳೆಯುವ ಮೇಲಿನ ಕೊಳವೆಗಳಿಗೆ ಸ್ಟ್ಯಾಂಚನ್ ಅನ್ನುತ್ತಾರೆ. ರಾಕ್‌ಶಾಕ್ಸ್ ಪೈಕ್, ಲಿರಿಕ್‌ಗಳಲ್ಲಿ ಅದು 35 ಮಿ.ಮೀ., ಫಾಕ್ಸ್ 36ರಲ್ಲಿ ಹೆಸರೇ ಹೇಳುವಂತೆ 36. 2020ರಲ್ಲಿ ಬಂದ ಫಾಕ್ಸ್ 38 ಮತ್ತು ರಾಕ್‌ಶಾಕ್ಸ್ ಜೆಬ್ ಎರಡರಲ್ಲೂ 38. ಗೋಡೆಯ ದಪ್ಪ ಒಂದೇ ಇದ್ದರೆ ಕೊಳವೆಯ ಬಿಗಿತ ವ್ಯಾಸದ ಘನದಷ್ಟು ಏರುತ್ತದೆ. ಎರಡೇ ಮಿ.ಮೀ. ಹೆಚ್ಚಿದರೆ ಬಿಗಿತ ಆರನೇ ಒಂದು ಪಾಲಿಗಿಂತ ಹೆಚ್ಚಾಯಿತು. ನಿಮ್ಮ ತೂಕಕ್ಕೆ 38ರ ಸಿಂಗಲ್ ಕ್ರೌನ್ ತಗೊಳ್ಳಿ, ಕಂಪನಿ ಹೇಳಿದ ಗರಿಷ್ಠ ಭಾರದ ಮಿತಿ ಓದಿಕೊಳ್ಳಿ, ಫೋರ್ಕಿನೊಳಗೆ ಸ್ಪ್ರಿಂಗಿನ ಕೆಲಸ ಮಾಡುವ ಗಾಳಿಯನ್ನು ಸರಿಯಾಗಿ ತುಂಬಿ. ನನ್ನ ಬಳಿ ಬರುವ ಭಾರದ ಸವಾರರ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಇರುವುದು ಕಡಿಮೆ ಗಾಳಿಯಲ್ಲಿ.

ಡ್ಯುಯಲ್ ಕ್ರೌನ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಲ್ವಂತೆ, ಹೌದಾ?

ಹೌದು. ಕೊಳವೆಗಳು ಹೆಡ್ ಟ್ಯೂಬಿನ ಎರಡೂ ಪಕ್ಕದಲ್ಲಿ ಮೇಲೆ ಹೋಗಿರುವುದರಿಂದ ಸ್ವಲ್ಪ ತಿರುಗಿಸುತ್ತಲೇ ಅವು ಫ್ರೇಮಿಗೆ ತಾಗಿ ನಿಲ್ಲುತ್ತವೆ. ಹಾಗೆ ತಾಗುವ ಜಾಗಕ್ಕೆ ಕೊಳವೆಯ ಮೇಲೆ ರಬ್ಬರ್ ಬಂಪರ್ ಹಾಕಿರುತ್ತಾರೆ. ವೇಗವಾಗಿ ಇಳಿಯುವಾಗ ಇದು ಗೊತ್ತೇ ಆಗುವುದಿಲ್ಲ, ಆಗ ಯಾರೂ ಅಷ್ಟು ತಿರುಗಿಸುವುದಿಲ್ಲ. ಗೊತ್ತಾಗುವುದು ನಿಧಾನಕ್ಕೆ ಹೋಗುವಾಗ: ಹತ್ತುವ ದಾರಿಯ ಹೇರ್‌ಪಿನ್ ತಿರುವಿನಲ್ಲಿ, ಕಾಫಿ ತೋಟದ ಸಾಲುಗಳ ನಡುವೆ, ಕಾರಿನ ಡಿಕ್ಕಿಯಲ್ಲಿ ಸೈಕಲ್ ಮಡಚಿ ಇಡುವಾಗ. ಗಾಳಿಯಲ್ಲಿ ಹ್ಯಾಂಡಲನ್ನು ಸುತ್ತು ತಿರುಗಿಸುವ ಸ್ಲೋಪ್‌ಸ್ಟೈಲ್ ಸವಾರರು ಸಿಂಗಲ್ ಕ್ರೌನ್ ಬಿಟ್ಟು ಬೇರೆ ಮುಟ್ಟದಿರುವುದಕ್ಕೂ ಇದೇ ಕಾರಣ.

ವರ್ಲ್ಡ್ ಕಪ್ ಡೌನ್‌ಹಿಲ್‌ನಲ್ಲಿ ಡ್ಯುಯಲ್ ಕ್ರೌನ್, ಎಂಡ್ಯೂರೋದಲ್ಲಿ ಸಿಂಗಲ್. ಇಳಿಯೋದು ಎರಡರಲ್ಲೂ ಇದೆಯಲ್ಲ?

ಡೌನ್‌ಹಿಲ್ ರೇಸ್ ಕೆಲವೇ ನಿಮಿಷಗಳ ಒಂದೇ ಇಳಿತ. ಮೇಲೆ ಹೋಗುವುದು ಲಿಫ್ಟಿನಲ್ಲೋ ಗಾಡಿಯಲ್ಲೋ. ಎಂಡ್ಯೂರೋದಲ್ಲಿ ಸಮಯ ಲೆಕ್ಕ ಹಾಕುವುದು ಇಳಿತಗಳಿಗೆ, ಆದರೆ ಒಂದು ಇಳಿತದಿಂದ ಇನ್ನೊಂದಕ್ಕೆ ಬಹುಪಾಲು ಸವಾರರೇ ತುಳಿದುಕೊಂಡು ಹೋಗಬೇಕು, ಅದೂ ಗಂಟೆಗಟ್ಟಲೆ. ಸುಸ್ತಾದ ಕೈಕಾಲಿನಲ್ಲಿ ಇಳಿಯುವಾಗ ಕಳೆದುಕೊಳ್ಳುವ ಸಮಯಕ್ಕೆ ಯಾವ ಫೋರ್ಕೂ ಪರಿಹಾರ ಕೊಡದು.

## ಹಾಕಿಸುವ ಮುಂಚೆ

ನನ್ನ ಹತ್ರ 170 ಮಿ.ಮೀ. ಎಂಡ್ಯೂರೋ ಬೈಕ್ ಇದೆ. ಸೆಕೆಂಡ್ ಹ್ಯಾಂಡ್ ಡ್ಯುಯಲ್ ಕ್ರೌನ್ ಒಳ್ಳೆ ರೇಟಿಗೆ ಸಿಗ್ತಿದೆ. ಹಾಕಿಬಿಡ್ಲಾ?

ದಯವಿಟ್ಟು ತಡೆಯಿರಿ. ಮೊದಲು ಫ್ರೇಮ್ ಮಾಡಿದ ಕಂಪನಿಯ ಕೈಪಿಡಿ ತೆಗೆದು ಎರಡು ವಿಷಯ ನೋಡಿ: ಡ್ಯುಯಲ್ ಕ್ರೌನ್‌ಗೆ ಒಪ್ಪಿಗೆ ಇದೆಯಾ, ಫೋರ್ಕ್‌ನ ಗರಿಷ್ಠ ಉದ್ದ ಎಷ್ಟು. ಒಪ್ಪಿಗೆ ಇದೆ ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಇಲ್ಲ ಅಂತಲೇ ತಿಳಿಯಿರಿ. ವಾರಂಟಿ ಹೋಗುವುದು ಸಣ್ಣ ನಷ್ಟ. ಹೆಡ್ ಟ್ಯೂಬ್ ಬೆಸುಗೆ ಬಿಟ್ಟರೆ ಮುಂದಿನ ಚಕ್ರವೇ ನಿಮ್ಮನ್ನು ಬಿಟ್ಟು ಹೋಗುತ್ತದೆ. ಅದಕ್ಕಿಂತ ಕೆಟ್ಟ ಬೀಳು ಸೈಕಲ್ ಮೇಲೆ ಇನ್ನೊಂದಿಲ್ಲ.

ಡ್ಯುಯಲ್ ಕ್ರೌನ್ ಭಾರವನ್ನು ಹೆಡ್ ಟ್ಯೂಬಿನ ಮೇಲೂ ಕೆಳಗೂ ಹಂಚುತ್ತದೆ, ಹಾಗಾಗಿ ಫ್ರೇಮಿಗೆ ಅದೇ ಒಳ್ಳೆಯದು ಅಂತ ವಾದಿಸುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಬಿಟ್ಟುಹೋದ ಅರ್ಧ ಇದು. ಉದ್ದದ ಫೋರ್ಕ್ ಅಂದರೆ ಉದ್ದದ ಸನ್ನೆಗೋಲು. ಚಕ್ರಕ್ಕೆ ಬಿದ್ದ ಹೊಡೆತ ಹೆಡ್ ಟ್ಯೂಬಿಗೆ ಮುಟ್ಟುವಾಗ ಅಷ್ಟು ಹೆಚ್ಚಾಗಿ ಮುಟ್ಟುತ್ತದೆ. ಬಾಗಿ ಹೊಡೆತ ನುಂಗುತ್ತಿದ್ದ ಫೋರ್ಕ್ ಬಾಗದೆ ನಿಂತರೆ ಆ ಪಾಲೂ ಫ್ರೇಮಿಗೇ. ಇನ್ನು ಬಿದ್ದಾಗಿನ ಮಾತು. ಹ್ಯಾಂಡಲ್ ಗಿರ್ರನೆ ತಿರುಗಿ ಕೊಳವೆ ಡೌನ್ ಟ್ಯೂಬಿಗೆ (ಹೆಡ್ ಟ್ಯೂಬಿನಿಂದ ಪೆಡಲ್ ಕಡೆಗೆ ಇಳಿಯುವ ಫ್ರೇಮಿನ ಕೊಳವೆಗೆ) ಹೋಗಿ ಬಡಿಯುತ್ತದೆ. ಹಾಗೆ ಬಡಿಸಿಕೊಂಡ ಒಂದು ಅಲ್ಯೂಮಿನಿಯಂ ಫ್ರೇಮನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೆಡ್ ಟ್ಯೂಬಿನಿಂದ ನಾಲ್ಕು ಬೆರಳು ಕೆಳಗೆ, ಹೆಬ್ಬೆರಳು ಸರಿಯಾಗಿ ಕೂರುವಷ್ಟು ತಗ್ಗು, ತಗ್ಗಿನ ಸುತ್ತ ಪೇಂಟು ಬಳೆಯಂತೆ ಬಿರಿದಿತ್ತು. ಬಂಪರ್ ಇತ್ತು, ಆದರೆ ಎರಡು ಬೆರಳು ಮೇಲಕ್ಕೆ ಜರುಗಿತ್ತು. ಕಾರ್ಬನ್ ಫ್ರೇಮ್ ಆಗಿದ್ದರೆ ತಗ್ಗು ಕಾಣದೆಯೂ ಒಳಪದರ ಒಡೆದಿರುತ್ತಿತ್ತು.

ಒಪ್ಪಿಗೆ ಇದ್ದರೂ ಸವಾರಿಯ ಲೆಕ್ಕ ಬಾಕಿ ಇದೆ. ಫೋರ್ಕ್ 10 ಮಿ.ಮೀ. ಉದ್ದವಾದರೆ ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬಿನ ಓರೆ, ಸುಮಾರು ಅರ್ಧ ಡಿಗ್ರಿ ಹಿಂದಕ್ಕೆ ವಾಲುತ್ತದೆ. 170ರ ಜಾಗಕ್ಕೆ 200ರದ್ದು ಬಂದರೆ ಸರಿಸುಮಾರು ಒಂದೂವರೆ ಡಿಗ್ರಿ. ಸೀಟೂ ಅಷ್ಟೇ ಹಿಂದೆ ವಾಲುತ್ತದೆ, ಪೆಡಲ್ ಅಚ್ಚು ಒಂದು ಸೆಂ.ಮೀ. ಹತ್ತಿರ ಮೇಲೇರುತ್ತದೆ. ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಬೇಕೇ ಬೇಕು ಅನ್ನುವವರು 180 ಮಿ.ಮೀ.ಗೆ ಇಳಿಸಿಕೊಳ್ಳಬಹುದಾದ ಡ್ಯುಯಲ್ ಕ್ರೌನ್ ಹುಡುಕಿ. ಕೊಳ್ಳುವ ಮುಂಚೆ ಆಕ್ಸಲ್‌ನಿಂದ ಕೆಳ ಕ್ರೌನ್‌ವರೆಗಿನ ಉದ್ದವನ್ನು ಹಳೆಯ ಫೋರ್ಕಿನ ಜತೆ ಹೋಲಿಸಿ. ಟ್ರಾವೆಲ್ ಒಂದೇ ಇದ್ದಮಾತ್ರಕ್ಕೆ ಈ ಉದ್ದ ಒಂದೇ ಇರುತ್ತದೆ ಅಂತಿಲ್ಲ.

ಫ್ರೇಮ್ ಓಕೆ ಅಂದ್ಕೊಳ್ಳಿ. ಹಳೇ ವೀಲು, ಬ್ರೇಕು, ಸ್ಟೆಮ್ ಅದಕ್ಕೇ ಕೂರುತ್ತಾ?

ಸ್ಟೆಮ್, ಅಂದರೆ ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ಭಾಗ, ಬದಲಿಸಲೇಬೇಕಾದೀತು. ಡ್ಯುಯಲ್ ಕ್ರೌನ್‌ಗೆ ಸಾಮಾನ್ಯವಾಗಿ ಮೇಲಿನ ಕ್ರೌನ್‌ಗೇ ನಾಲ್ಕು ಬೋಲ್ಟಿನಲ್ಲಿ ಕೂರುವ ಡೈರೆಕ್ಟ್ ಮೌಂಟ್ ಸ್ಟೆಮ್ ಹಾಕುತ್ತಾರೆ.

ಚಕ್ರದ ವಿಷಯ ನೋಡಿ: ಇವತ್ತಿನ ಸಿಂಗಲ್ ಕ್ರೌನ್‌ಗಳ ಆಕ್ಸಲ್ ಬಹುಪಾಲು 15 ಮಿ.ಮೀ., ಡ್ಯುಯಲ್ ಕ್ರೌನ್‌ಗಳದ್ದು 20. ಕೆಲವು ಹಬ್‌ಗಳಿಗೆ ಎಂಡ್ ಕ್ಯಾಪ್ ಬದಲಿಸಿದರೆ ಸಾಕು, ಕೆಲವಕ್ಕೆ ಹಬ್ಬೇ ಬೇರೆ ಬೇಕು. ಬ್ರೇಕ್ ಕ್ಯಾಲಿಪರ್ ಕೂರುವ ಜಾಗವನ್ನು 200 ಅಥವಾ 203 ಮಿ.ಮೀ. ಡಿಸ್ಕಿಗೆಂದೇ ಮಾಡಿರುತ್ತಾರೆ, 180ರ ಡಿಸ್ಕ್ ಅಲ್ಲಿ ನಡೆಯದು.

ಎಲ್ಲರೂ ಮರೆಯುವುದು ಹೆಡ್‌ಸೆಟ್, ಅಂದರೆ ಹೆಡ್ ಟ್ಯೂಬಿನಲ್ಲಿ ಸ್ಟೀರರ್ ತಿರುಗುವ ಬೇರಿಂಗ್‌ಗಳು. ಸಿಂಗಲ್ ಕ್ರೌನ್‌ನ ಸ್ಟೀರರ್ ಕೆಳಗೆ 1.5 ಇಂಚು ದಪ್ಪ, ಮೇಲೆ ಒಂದೂಕಾಲು ಇಂಚಿಗಿಂತ ತುಸು ಕಡಿಮೆ. ಡ್ಯುಯಲ್ ಕ್ರೌನ್‌ನದ್ದು ಮೇಲಿಂದ ಕೆಳಗಿನವರೆಗೂ ಆ ಸಣ್ಣ ಅಳತೆಯೇ. ಹೊಡೆತ ಹೊರಲು ಎರಡು ಕೊಳವೆಗಳಿರುವಾಗ ಸ್ಟೀರರ್‌ಗೆ ತಿರುಗುವುದಷ್ಟೇ ಕೆಲಸ, ಅದಕ್ಕೇ ಸಣ್ಣದಾದರೂ ನಡೆಯುತ್ತದೆ. ನಿಮ್ಮ ಅಗಲದ ಕೆಳ ಬೇರಿಂಗಿಗೆ ಅದನ್ನು ಕೂರಿಸಲು ಹೊಂದುವ ಕ್ರೌನ್ ರೇಸ್ ಅನ್ನುವ ಉಂಗುರ ತರಿಸಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾಗ, ಮೊದಲೇ ತರಿಸಿಡದಿದ್ದರೆ ಸೈಕಲ್ ಬಿಚ್ಚಿದ ಹಾಗೇ ವಾರಗಟ್ಟಲೆ ನಿಂತಿರುತ್ತದೆ.

ಉಲ್ಟಾ ಮಾಡಬಹುದಾ? ಡೌನ್‌ಹಿಲ್ ಫ್ರೇಮಿಗೆ ಸಿಂಗಲ್ ಕ್ರೌನ್?

ಫ್ರೇಮಿನ ಬಲದ ಮಟ್ಟಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಜೆಬ್ 190 ಮಿ.ಮೀ.ವರೆಗೂ ಸಿಗುತ್ತದೆ, ಹಾಗಾಗಿ ಉದ್ದ ಹೆಚ್ಚು ಕಡಿಮೆಯಾಗದು. ಹೆಡ್ ಟ್ಯೂಬಿನ ಕೆಳಗೆ 1.5 ಇಂಚಿನ ಸ್ಟೀರರ್ ಕೂರುತ್ತದಾ ಅಂತ ನೋಡಿಕೊಳ್ಳಿ. ಬೈಕ್ ಪಾರ್ಕ್‌ಗಳಲ್ಲಿ ಜಂಪ್ ಹೊಡೆಯಲೆಂದೇ ಹೀಗೆ ಕಟ್ಟಿಸಿಕೊಳ್ಳುವವರಿದ್ದಾರೆ.

## ಒಳಗಿನ ಸಂಗತಿ

ರಾಕ್‌ಶಾಕ್ಸ್‌ನ ಡ್ಯುಯಲ್ ಕ್ರೌನ್ ಬಾಕ್ಸರ್ ಕೊಳವೆನೂ ಈಗ 38 ಮಿ.ಮೀ., ಜೆಬ್‌ದೂ 38. ಕೊಳವೆ ಒಂದೇ ಆದ್ಮೇಲೆ ಸವಾರಿಯಲ್ಲಿ ಏನು ಬೇರೆ?

ಬಾಗುವುದು ಎಲ್ಲಿ ಅನ್ನುವುದು ಬೇರೆ. ಮುಂದಿನ ಬ್ರೇಕ್ ಜೋರಾಗಿ ಹಿಡಿದು ಬೇರು, ಬಂಡೆಗಳ ಮೇಲೆ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ನೆಲ ಚಕ್ರವನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಸಿಂಗಲ್ ಕ್ರೌನ್‌ನಲ್ಲಿ ಆ ಒತ್ತಡವೆಲ್ಲ ಕ್ರೌನ್ ಮತ್ತು ಸ್ಟೀರರ್ ಕೂಡುವ ಒಂದೇ ಜಾಗಕ್ಕೆ ಬರುತ್ತದೆ, ಕಾಲುಗಳು ಹಿಂದಕ್ಕೆ ಬಾಗುತ್ತವೆ. ಬಾಗಿದ ಕೊಳವೆ ಕೆಳಗಿನ ಕಾಲಿನೊಳಗೆ ಅದು ಜಾರುವ ಬುಶಿಂಗ್ ಅನ್ನುವ ಬಳೆಗೆ ಒತ್ತಿಕೊಳ್ಳುತ್ತದೆ. ಒತ್ತಿಕೊಂಡದ್ದು ಜಾರುವುದಿಲ್ಲ. ಕುಗ್ಗಲೇಬೇಕಾದ ಹೊತ್ತಿನಲ್ಲಿ ಫೋರ್ಕ್ ಕಚ್ಚಿಕೊಳ್ಳುತ್ತದೆ, ಹೊಡೆತ ಅಂಗೈಗೆ ಬರುತ್ತದೆ.

ಡ್ಯುಯಲ್ ಕ್ರೌನ್‌ನಲ್ಲಿ ಬಾಗು ಕಡಿಮೆ, ಹಾಗಾಗಿ ಸಣ್ಣ ಕಲ್ಲಿಗೂ ಫೋರ್ಕ್ ಮಿಸುಕುತ್ತದೆ. ಕೊಳವೆ ಉದ್ದವಿರುವುದರಿಂದ ಗಾಳಿಗೂ ಎಣ್ಣೆಗೂ ಹೆಚ್ಚು ಜಾಗ. ಉದ್ದದ ಇಳಿತದಲ್ಲಿ ಎಣ್ಣೆ ಕಾಯ್ದು ಸ್ವಭಾವ ಬದಲಾಗುವುದು ಕಡಿಮೆ. ಡ್ಯುಯಲ್ ಕ್ರೌನ್ ಸವಾರರು ‘ಮೆತ್ತಗಿದೆ’ ಅನ್ನುತ್ತಾರಲ್ಲ, ಆ ಮೆದುತನ ಬಂದಿರುವುದು ಬಿಗಿತದಿಂದಲೇ.

ಹಾಗಾದ್ರೆ ಬಿಗಿ ಇದ್ದಷ್ಟೂ ಒಳ್ಳೇದಲ್ವಾ?

ಹಿಂದೆ-ಮುಂದಿನ ಬಾಗು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಡ-ಬಲ ತಿರುಚುವ ಬಿಗಿತಕ್ಕೆ ಮಿತಿ ಬೇಕು. ಹಗುರ ಸವಾರರು ತೀರಾ ಬಿಗಿಯಾದ ಫೋರ್ಕಿನಲ್ಲಿ ಓರೆ ಬೇರುಗಳ ಮೇಲೆ ಹೋದರೆ ಚಕ್ರ ಚಿಮ್ಮಿ ಪಕ್ಕಕ್ಕೆ ಹಾರುತ್ತದೆ, ಮುಂಗೈ ಬೇಗ ಸೋಲುತ್ತದೆ. ಮನಿಟು ಡೊರಾಡೋದಂಥ, ಹೊಳೆಯುವ ಕೊಳವೆ ಕೆಳಗೆ ಬರುವಂತೆ ತಲೆಕೆಳಗು ಮಾಡಿದ ಡ್ಯುಯಲ್ ಕ್ರೌನ್‌ಗಳಲ್ಲಿ ಎರಡು ಕಾಲುಗಳನ್ನು ಕೂಡಿಸುವ ಕಮಾನು ಇರುವುದಿಲ್ಲ, ಅವು ತುಸು ತಿರುಚಿಕೊಳ್ಳುತ್ತವೆ. ಅದನ್ನೇ ಇಷ್ಟಪಟ್ಟು ತೆಗೆದುಕೊಳ್ಳುವವರಿದ್ದಾರೆ. 60 ಕೆಜಿ ಆಸುಪಾಸಿನವರು ಸಿಂಗಲ್ ಕ್ರೌನ್‌ನಲ್ಲೇ ಹೆಚ್ಚು ಸುಖವಾಗಿರುತ್ತಾರೆ ಅನ್ನುವುದು ನನ್ನ ಅಭಿಪ್ರಾಯ.

ಬ್ರೇಕ್ ಹಿಡಿದು ಅಲ್ಲಾಡಿಸಿದ್ರೆ ಸಿಂಗಲ್ ಕ್ರೌನ್ ಕಿರ್ ಕಿರ್ ಅನ್ನುತ್ತೆ. ಹೆಡ್‌ಸೆಟ್ ಬಿಗಿ ಮಾಡಿಸಿದ್ರೂ ಹೋಗ್ಲಿಲ್ಲ.

ಸದ್ದು ಕ್ರೌನ್‌ನಿಂದ ಬರುತ್ತಿರಬೇಕು. ಸಿಂಗಲ್ ಕ್ರೌನ್‌ನಲ್ಲಿ ಎರಡು ಕೊಳವೆ ಮತ್ತು ಸ್ಟೀರರ್ ಮೂರನ್ನೂ ಕ್ರೌನ್‌ಗೆ ಬೋಲ್ಟಿಲ್ಲದೆ ಒತ್ತಿ ಕೂರಿಸಿರುತ್ತಾರೆ. ಆ ಕೂಡು ಒಂದು ಕೂದಲೆಳೆ ಸಡಿಲವಾದರೂ ಸದ್ದು ಬರುತ್ತದೆ. ಗೋಡೆಗೆ ಮುಂದಿನ ಚಕ್ರ ಒತ್ತಿ, ಗೆಳೆಯರೊಬ್ಬರಿಗೆ ಬ್ರೇಕ್ ಹಿಡಿದು ಹಿಂದೆ ಮುಂದೆ ತೂಗಲು ಹೇಳಿ. ನೀವು ಬಗ್ಗಿ ಕ್ರೌನ್ ಮತ್ತು ಕೊಳವೆ ಕೂಡುವ ಗೆರೆಯ ಮೇಲೆ ತೋರುಬೆರಳು ಇಡಿ. ಸದ್ದಿನ ಜತೆಗೇ ಬೆರಳಿಗೆ ಸಣ್ಣ ಕಂಪನ ತಟ್ಟುತ್ತದೆ. ಗ್ರೀಸು, ಅಂಟು ಹಾಕಿ ಸರಿಮಾಡುತ್ತೇವೆ ಅನ್ನುವವರನ್ನು ನಂಬಬೇಡಿ. ಆ ಇಡೀ ಮೇಲ್ಭಾಗವನ್ನು ಬದಲಿಸುವುದೇ ಸರಿ, ವಾರಂಟಿ ಇದ್ದರೆ ತಡಮಾಡದೆ ಕೇಳಿ.

ಡ್ಯುಯಲ್ ಕ್ರೌನ್ ಇಲ್ಲಿ ನಿಜಕ್ಕೂ ಮೇಲು. ಕೊಳವೆಗಳನ್ನು ಬೋಲ್ಟಿನಿಂದ ಕಚ್ಚಿ ಹಿಡಿದಿರುತ್ತಾರೆ. ಒಂದು ಕೊಳವೆಗೆ ಗೀರು ಬಿದ್ದರೆ ಅದೊಂದನ್ನೇ ಬದಲಿಸಬಹುದು.

ಕೊಳವೆಗಳನ್ನ ಕ್ರೌನ್‌ನಲ್ಲಿ ಮೇಲೆ ಕೆಳಗೆ ಜಾರಿಸಿ ಎತ್ತರ ಹೊಂದಿಸ್ಕೋಬಹುದು ಅಂತಾರೆ. ಹೇಗೆ?

ಹೌದು, ಸಿಂಗಲ್ ಕ್ರೌನ್‌ನಲ್ಲಿ ಇಲ್ಲದ ಸೌಕರ್ಯ ಇದು. ಕೊಳವೆಯನ್ನು ಮೇಲಕ್ಕೆ ಜಾರಿಸಿದರೆ ಸೈಕಲಿನ ಮುಂಭಾಗ ತಗ್ಗುತ್ತದೆ, ಹೆಡ್ ಆಂಗಲ್ ನೆಟ್ಟಗಾಗುತ್ತದೆ. ಆದರೆ ಜಾರಿಸಿದಷ್ಟೂ ಟೈರು ಕೆಳ ಕ್ರೌನ್‌ಗೆ ಹತ್ತಿರ ಬರುತ್ತದೆ. ಪ್ರತಿ ಸಲ ಬದಲಿಸಿದಾಗಲೂ ಗಾಳಿ ಪೂರ್ತಿ ಬಿಟ್ಟು, ಫೋರ್ಕನ್ನು ತಳಮುಟ್ಟ ಕುಗ್ಗಿಸಿ, ಟೈರು ಕ್ರೌನ್‌ಗೂ ಡೌನ್ ಟ್ಯೂಬಿಗೂ ತಾಗುತ್ತದಾ ನೋಡಿ. ಗಾಳಿ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಇದ್ದರೆ ಅದನ್ನು ತೆಗೆದು ನೋಡಬೇಕು. ಇಳಿತದ ಮಧ್ಯೆ ಟೈರು ಕ್ರೌನ್‌ಗೆ ಕಚ್ಚಿಕೊಂಡರೆ ಚಕ್ರ ಅಲ್ಲೇ ನಿಂತುಬಿಡುತ್ತದೆ. ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ, ಕೈಪಿಡಿಯಲ್ಲಿ ಬರೆದಷ್ಟೇ ಬಿಗಿ ಮಾಡಿ. ಅಂದಾಜಿನಲ್ಲಿ ಬಿಗಿ ಮಾಡಿದರೆ ಕೊಳವೆ ಹಿಸುಕಿಕೊಂಡು ಒಳಗಿನ ಗಾಳಿ ಸೀಲ್ ಕೆಡುತ್ತದೆ.

ಕ್ಯಾನನ್‌ಡೇಲ್ ಕಂಪನಿಯ ಲೆಫ್ಟಿ ಫೋರ್ಕ್‌ಗೆ ಒಂದೇ ಕಾಲು. ಅದು ಯಾವ ಜಾತಿಗೆ ಸೇರುತ್ತೆ?

ಹಳೆಯ ಲೆಫ್ಟಿಗಳು ಒಂದೇ ಕಾಲಿದ್ದರೂ ಡ್ಯುಯಲ್ ಕ್ರೌನ್. ಒಂಟಿ ಕಾಲನ್ನು ಎರಡು ಕಡೆ ಹಿಡಿಯದೆ ದಾರಿ ಇರಲಿಲ್ಲ. 2018ರಲ್ಲಿ ಬಂದ ಲೆಫ್ಟಿ ಓಚೋ ಸಿಂಗಲ್ ಕ್ರೌನ್ ಆಯಿತು.

ಸೆಕೆಂಡ್ ಹ್ಯಾಂಡ್ ಡ್ಯುಯಲ್ ಕ್ರೌನ್ ನೋಡೋಕೆ ಹೋಗ್ತಿದೀನಿ. ಏನೇನು ನೋಡ್ಲಿ?

ಒಂದು ಬಿಳಿ ಬಟ್ಟೆ, ಒಂದು ಅಲೆನ್ ಕೀ ಸೆಟ್ ತಗೊಂಡು ಹೋಗಿ. ಹಗಲಲ್ಲೇ ಹೋಗಿ. ಮೊದಲು ಸ್ಟೀರರ್ ಅಳೆಯಿರಿ. ಹಿಂದಿನ ಮಾಲೀಕರು ತಮ್ಮ ಗಿಡ್ಡ ಹೆಡ್ ಟ್ಯೂಬಿಗೆ ಕತ್ತರಿಸಿದ್ದರೆ ನಿಮ್ಮ ಫ್ರೇಮಿಗೆ ಸಾಲದು, ಮಿಕ್ಕಿದ್ದು ನೋಡುವ ಅಗತ್ಯವೇ ಇಲ್ಲ. ಸಾಲುತ್ತದೆ ಅಂದಮೇಲೆ ಬಂಪರ್‌ಗಳನ್ನು ಜರುಗಿಸಿ ಅದರ ಅಡಿಯ ಕೊಳವೆ ನೋಡಿ, ಬಿದ್ದ ಗುರುತು ಅಡಗಿರುವುದು ಅಲ್ಲೇ. ಕೆಳ ಕ್ರೌನ್‌ನ ಬೋಲ್ಟ್ ಸಡಿಲಿಸಲು ಅನುಮತಿ ಕೇಳಿ, ಅದು ಕಚ್ಚುತ್ತಿದ್ದ ಜಾಗದಲ್ಲಿ ಉಗುರು ಓಡಿಸಿ. ಉಗುರಿಗೆ ಸಿಕ್ಕುವಷ್ಟು ಗೆರೆ ಇದ್ದರೆ ಅತಿಯಾಗಿ ಬಿಗಿ ಮಾಡಿದ್ದಾರೆ. ಕೊಳವೆಯ ಜಾರುವ ಭಾಗವನ್ನು ಬಟ್ಟೆಯಲ್ಲಿ ಒರೆಸಿ, ಫೋರ್ಕನ್ನು 10 ಸಲ ಕುಗ್ಗಿಸಿ, ಮತ್ತೆ ಒರೆಸಿ. ತೆಳ್ಳನೆ ಎಣ್ಣೆ ಪಸೆ ಇರಬೇಕಾದ್ದೇ. ಎಣ್ಣೆ ಉಂಗುರ ಕಟ್ಟಿ ಕೆಳಗೆ ಇಳಿದರೆ ಸೀಲ್ ಹೋಗಿದೆ, ಬಟ್ಟೆಗೆ ಕಪ್ಪು ಹತ್ತಿದರೆ ಬಹಳ ದಿನದಿಂದ ಸರ್ವಿಸ್ ಆಗಿಲ್ಲ. ಕೆಳಗಿನ ಕಾಲಿನ ಎಣ್ಣೆಯನ್ನು ಸುಮಾರು 50 ಗಂಟೆ ಸವಾರಿಗೊಮ್ಮೆ ಬದಲಿಸಬೇಕು, ಮಲೆನಾಡಿನ ಮಳೆಯಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲೇ. ಕಡೆಯದಾಗಿ, ಆ ಮಾದರಿಯ ಸೀಲ್ ಕಿಟ್ ಇನ್ನೂ ಸಿಗುತ್ತದಾ ಅಂತ ನಿಮ್ಮ ಮೆಕ್ಯಾನಿಕ್‌ಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ. ಸಿಗುವುದಿಲ್ಲ ಅಂದರೆ ಮುಂಗಡ ಕೊಡದೆ ಮನೆಗೆ ಬನ್ನಿ.